ಮಾತು ನಿಂತ ಸ್ಥಳ

ವಿದ್ಯುತ್ತು ಹರಿದು ದೀಪ ಹೊತ್ತಿಕೊಂಡ ಮೇಲೂ ಒಂದಕ್ಷರವನ್ನಾದರೂ ನುಡಿಯದ ಲಿನಕ್ಸ್ ಬೋರ್ಡು ಕೆಟ್ಟುಹೋಗಿದೆಯೆಂದು ತೀರ್ಮಾನಿಸಿಬಿಡುವುದು ಈ ವಿದ್ಯೆಗೆ ಹೊಸಬರಾದವರಲ್ಲಿ ಸಹಜವಾದ ಆತುರ. ಪರದೆಯಾಗಲಿ ಕೀಲಿಮಣೆಯಾಗಲಿ ಇಲ್ಲದ, ನೀರಿನ ಪಂಪನ್ನೋ ಕಾರ್ಖಾನೆಯ ಯಂತ್ರವನ್ನೋ ಆಳುವುದಕ್ಕಾಗಿ ನಿರ್ಮಿತವಾದ ಅಂಗೈಯಗಲದ ಕಂಪ್ಯೂಟರು ತನ್ನ ಒಳಗಿನ ವೃತ್ತಾಂತವನ್ನು ಹೊರಗೆಡಹುವುದಕ್ಕೆ ಬಹುಮಟ್ಟಿಗೆ ಇರುವ ಮಾರ್ಗ ಒಂದೇ. ಅದು ಸೀರಿಯಲ್ ಕನ್ಸೋಲ್. ಕಳುಹಿಸಲು ಒಂದು ತಂತಿ, ಸ್ವೀಕರಿಸಲು ಒಂದು, ಉಭಯರಿಗೂ ಸಮಾನವಾದ ಗ್ರೌಂಡ್ ಒಂದು. ಈ ಮೂರು ತಂತಿಗಳ ಮಾರ್ಗವು ನಿಶ್ಶಬ್ದವಾಗಿದ್ದರೆ, ಬೋರ್ಡು ನಷ್ಟವಾಗಿರುವುದಕ್ಕಿಂತ, ಮಾತನಾಡಬೇಕಾಗಿದ್ದ ತಂತ್ರಾಂಶವೊಂದಕ್ಕೆ ಎಲ್ಲಿ ಮಾತನಾಡಬೇಕೆಂಬುದು ತಿಳಿಯದೆ ಹೋಗಿರುವ ಸಂಭವವೇ ಹೆಚ್ಚು.

ತಂತ್ರಾಂಶವೊಂದಕ್ಕೆ ಎಂದೆನಷ್ಟೆ, ಏಕೆಂದರೆ ಆ ತಂತಿಯ ಮೇಲೆ ಮಾತನಾಡತಕ್ಕವರು ಒಬ್ಬರಲ್ಲ. 2013ರಲ್ಲಿ ಬಂದ ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡನ್ನೇ ತೆಗೆದುಕೊಳ್ಳಬಹುದು. ಪ್ರೊಸೆಸರಿನ ಒಡಲಲ್ಲಿಯೇ ಕೆತ್ತಲ್ಪಟ್ಟಿರುವ ರೋಮ್ ಸಂಕೇತವು ಮೊದಲು ಎಚ್ಚರಗೊಂಡು, ಎಂಎಲ್‌ಒ ಎಂಬ ಕಿರಿಯ ಬೂಟ್‌ಲೋಡರನ್ನು ಕರೆತಂದು ನೇಪಥ್ಯಕ್ಕೆ ಸರಿಯುತ್ತದೆ. ಎಂಎಲ್‌ಒ ಯು-ಬೂಟನ್ನು, ಯು-ಬೂಟ್ ಲಿನಕ್ಸ್ ಕರ್ನೆಲನ್ನು, ಕರ್ನೆಲ್ ಕಡೆಗೆ ಲಾಗಿನ್ ಕೇಳುವ ಗೆಟ್ಟಿ ಎಂಬ ಪ್ರೋಗ್ರಾಮನ್ನು ರಂಗಕ್ಕೆ ತರುತ್ತವೆ. ಯಕ್ಷಗಾನದ ವೇಷಗಳಂತೆ ಒಬ್ಬರ ಹಿಂದೊಬ್ಬರು ಒಂದೇ ರಂಗಸ್ಥಳಕ್ಕೆ ಬರುವ ಇವರಲ್ಲಿ ಹಿಂದಿನವನು ಆಡಿದ ಮಾತು ಮುಂದಿನವನ ಪ್ರವೇಶಕ್ಕೆ ಪ್ರಮಾಣವಾಗಲಾರದು. ಪ್ರತಿಯೊಬ್ಬನಿಗೂ ರಂಗದ ವಿಳಾಸವನ್ನು ಬೇರೆಬೇರೆಯಾಗಿಯೇ ತಿಳಿಸಬೇಕು. ಆದಕಾರಣ ದೋಷವನ್ನು ಅರಸುವವನು ಕೇಳಬೇಕಾದ ಮೊದಲನೆಯ ಪ್ರಶ್ನೆ ಏಕೆ ಮಾತಿಲ್ಲ ಎಂಬುದಲ್ಲ, ಮಾತು ಎಲ್ಲಿ ನಿಂತಿತು ಎಂಬುದು.

ಮೊದಲಿನಿಂದಲೇ ಏನೂ ಬಾರದಿದ್ದರೆ ತಂತಿಗಳನ್ನು ನೋಡತಕ್ಕದ್ದು. ಒಂದರ ಕಳುಹಿಸುವ ಪಿನ್ನು ಇನ್ನೊಂದರ ಸ್ವೀಕರಿಸುವ ಪಿನ್ನಿಗೆ ಸೇರಬೇಕೆಂಬ ಸರಳ ನಿಯಮವನ್ನು ಮೀರಿ ಹೆಸರಿಗೆ ಹೆಸರು ಜೋಡಿಸಿದವರ ಸಂಖ್ಯೆ ಅಲ್ಪವಲ್ಲ. ಹಳೆಯ ಆರ್‌ಎಸ್-232 ಪೋರ್ಟಿನ ವೋಲ್ಟೇಜು ಧನ ಋಣಗಳೆರಡರಲ್ಲಿಯೂ ಹತ್ತು ಹನ್ನೆರಡು ವೋಲ್ಟಿನವರೆಗೆ ಏರಬಲ್ಲುದು; ಈ ಬೋರ್ಡುಗಳ ಪಿನ್ನುಗಳಾದರೋ 3.3 ವೋಲ್ಟನ್ನು, ಕೆಲವು 1.8 ವೋಲ್ಟನ್ನು ಮಾತ್ರ ಸಹಿಸುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಡಾಪ್ಟರನ್ನು ಕೊಳ್ಳುವವರು ಬೆಲೆಗೆ ಮುನ್ನ ಈ ಅಂಕಿಯನ್ನು ವಿಚಾರಿಸುವುದು ಒಳ್ಳೆಯದು.

ಅಕ್ಷರಗಳು ಬಂದರೂ ಅರ್ಥವಿಲ್ಲದ ಚಿಹ್ನೆಗಳಾಗಿ ಬಂದರೆ ದೋಷವು ವೇಗದಲ್ಲಿದೆ. ಗಡಿಯಾರದ ಸಂಕೇತವನ್ನು ಜೊತೆಗೆ ಕಳುಹಿಸದ ಈ ಪದ್ಧತಿಯಲ್ಲಿ ಸ್ವೀಕರಿಸುವವನು ಪ್ರತಿ ಅಕ್ಷರದ ಆರಂಭದ ಬಿಟ್ಟನ್ನು ಕಂಡೊಡನೆ ತನ್ನದೇ ಗಡಿಯಾರದಿಂದ ಎಣಿಸತೊಡಗಿ, ಪ್ರತಿಯೊಂದು ಬಿಟ್ಟಿನ ಮಧ್ಯಭಾಗವನ್ನು ಊಹಿಸಿ ಓದುತ್ತಾನೆ. ಸಾಮಾನ್ಯವಾದ 115200 ವೇಗದಲ್ಲಿ ಒಂದು ಬಿಟ್ಟಿನ ಆಯುಷ್ಯ 8.68 ಮೈಕ್ರೋಸೆಕೆಂಡು, ಆರಂಭ ಅಂತ್ಯಗಳ ಬಿಟ್ಟುಗಳೂ ಸೇರಿ ಅಕ್ಷರಕ್ಕೆ ಹತ್ತು ಬಿಟ್ಟುಗಳಾಗುವುದರಿಂದ, ಉಭಯರ ಗಡಿಯಾರಗಳಲ್ಲಿ ಶೇಕಡಾ 5ರಷ್ಟು ವ್ಯತ್ಯಾಸ ಬಂದರೆ ಕೊನೆಯ ಬಿಟ್ಟನ್ನು ಓದುವ ವೇಳೆಗೆ ಎಣಿಕೆ ತಪ್ಪುತ್ತದೆ. ರಾಕ್‌ಚಿಪ್ ಪ್ರೊಸೆಸರುಳ್ಳ ಹಲವು ಬೋರ್ಡುಗಳು 1500000ರ ವೇಗದಲ್ಲಿ ಮಾತನಾಡುತ್ತವೆ. ಅಗ್ಗದ ಅಡಾಪ್ಟರುಗಳಲ್ಲಿ ಕೆಲವಕ್ಕೆ ಆ ವೇಗ ನಿಲುಕುವುದೇ ಇಲ್ಲ.

ಇವೆಲ್ಲವೂ ಸುಲಭದ ರೋಗಗಳು. ನಿಜವಾದ ಗೊಂದಲ ಉಂಟಾಗುವುದು ಯು-ಬೂಟ್ ನಿರರ್ಗಳವಾಗಿ ಮಾತನಾಡಿ, ಕರ್ನೆಲನ್ನು ಆರಂಭಿಸುತ್ತಿದ್ದೇನೆಂದು ಘೋಷಿಸಿ, ಆ ಬಳಿಕ ಎಲ್ಲವೂ ಸ್ತಬ್ಧವಾದಾಗ. ಕರ್ನೆಲ್ ಸತ್ತಿರಬಹುದು, ಬದುಕಿ, ಕೆಲಸವನ್ನೆಲ್ಲ ಪೂರೈಸಿ, ಜಾಲಕ್ಕೆ ಸೇರಿ, ಬೇರೊಂದು ಪೋರ್ಟಿಗೆ ಮಾತನಾಡುತ್ತಿರಲೂಬಹುದು. ಹಳೆಯ ಪಿಸಿಗಳಲ್ಲಿ ಈ ಕಷ್ಟ ಇಷ್ಟಿರಲಿಲ್ಲ: ಪೋರ್ಟುಗಳು ನಿಯತವಾದ ವಿಳಾಸಗಳಲ್ಲಿರುತ್ತಿದ್ದವಾದ್ದರಿಂದ ಕರ್ನೆಲಿನ 8250 ಚಾಲಕವು ಅಲ್ಲಿಗೆ ಹೋಗಿ, ಒಂದು ರಿಜಿಸ್ಟರಿನಲ್ಲಿ ಬರೆದು, ಬರೆದದ್ದನ್ನು ಮರಳಿ ಓದಿ, ಬಳಿಕ ಚಿಪ್ಪು ತನ್ನ ಮಾತನ್ನು ತಾನೇ ಕೇಳಿಸಿಕೊಳ್ಳುವಂತೆ ಮಾಡಿ ಪರೀಕ್ಷಿಸಿ, ಇಲ್ಲಿ ಪೋರ್ಟುಂಟು ಎಂದು ನಿರ್ಣಯಿಸುತ್ತಿತ್ತು. ಆರ್ಮ್ ಬೋರ್ಡುಗಳಲ್ಲಿ ಹೀಗೆ ತಡಕಿ ನೋಡುವುದಕ್ಕೆ ಸರ್ವಸಮ್ಮತವಾದ ವಿಳಾಸವೇ ಇಲ್ಲ. ಯಾವ ಸಾಧನ ಎಲ್ಲಿದೆಯೆಂಬುದನ್ನು ಡಿವೈಸ್ ಟ್ರೀ ಎಂಬ ವಿವರಪಟ್ಟಿ ಹೇಳಬೇಕು; ಅದರ ಚೋಸನ್ ಭಾಗದಲ್ಲಿರುವ ಎಸ್‌ಟಿಡಿಔಟ್-ಪಾತ್ ಎಂಬ ಪಂಕ್ತಿಯೋ, ಬೂಟ್‌ಲೋಡರು ಕೊಡುವ ಆದೇಶದ ಸಾಲಿನ ಕನ್ಸೋಲ್= ಎಂಬ ಪದವೋ ಮಾತಿನ ಪೋರ್ಟನ್ನು ನಿರ್ದೇಶಿಸಬೇಕು.

ಆ ಪದದ ಮುಂದೆ ಬರೆಯುವ ಹೆಸರೂ ಸ್ಥಿರವಲ್ಲ. ಬೀಗಲ್‌ಬೋನ್ ಬ್ಲ್ಯಾಕಿನ ಪೋರ್ಟು ಮೊದಲು ಟಿಟಿವೈಒ0 ಆಗಿದ್ದು, ಚಾಲಕ ಬದಲಾದ ಮೇಲೆ ಟಿಟಿವೈಎಸ್0 ಆಯಿತು. ಪಿನ್ನು ಅದೇ, ಚಿಪ್ಪು ಅದೇ, ಹೆಸರೊಂದು ಬೇರೆಯಾದುದರಿಂದಲೇ ಹಳೆಯ ಸಾಲನ್ನು ಉಳಿಸಿಕೊಂಡವರು ಮೌನವನ್ನು ಎದುರಿಸಬೇಕಾಯಿತು. ಹಳೆಯ ಹೆಸರನ್ನು ಕಂಡರೆ ತಾನೇ ತಿದ್ದಿಕೊಳ್ಳುವ ಆಯ್ಕೆಯೊಂದನ್ನು ಕರ್ನೆಲಿಗೆ ಸೇರಿಸಬೇಕಾಗಿ ಬಂದುದನ್ನು ನೋಡಿದರೆ, ಕ್ಲೇಶ ವ್ಯಾಪಕವಾಗಿಯೇ ಇದ್ದಿತೆನ್ನಬೇಕು. ರಾಸ್ಪ್‌ಬೆರಿ ಪೈ ಕಥೆ ಇದಕ್ಕಿಂತ ವಿಚಿತ್ರ. 2016ರಲ್ಲಿ ಬಂದ ಅದರ ಮೂರನೆಯ ಆವೃತ್ತಿಯಲ್ಲಿ, ಪಿಎಲ್011 ಎಂಬ ಸಮರ್ಥವಾದ ಪೋರ್ಟನ್ನು ಬ್ಲೂಟೂತಿಗೆ ಒಪ್ಪಿಸಿ, ಹೊರಗಿನ ಪಿನ್ನುಗಳಿಗೆ ಮಿನಿ ಯುಆರ್ಟ್ ಎಂಬ ಕಿರಿಯದನ್ನು ಬಿಟ್ಟರು. ಈ ಕಿರಿಯದರ ಗಡಿಯಾರ ಪ್ರೊಸೆಸರಿನ ಕೋರ್ ಗಡಿಯಾರಕ್ಕೆ ಅಂಟಿಕೊಂಡದ್ದು. ಕೆಲಸ ಹೆಚ್ಚಿದಾಗ ಕೋರ್ 250ರಿಂದ 400 ಮೆಗಾಹರ್ಟ್ಸ್‌ಗೆ ಏರಿದರೆ ಮಾತಿನ ವೇಗವೂ ಜೊತೆಗೇ ಏರಿ ಅಸಂಬದ್ಧ ಪ್ರಲಾಪವಾಗುತ್ತದೆ. ಕಾನ್ಫಿಗ್ ಕಡತದಲ್ಲಿ ಎನೇಬಲ್_ಯುಆರ್ಟ್=1 ಎಂದು ಬರೆದರೆ ಪೋರ್ಟು ತೆರೆಯುವುದರ ಜೊತೆಗೆ ಕೋರ್ ಗಡಿಯಾರವೂ ಸ್ಥಿರವಾಗುತ್ತದೆ.

ಯು-ಬೂಟಿನ ಬಳಿಕ ಕರ್ನೆಲ್ ಮೌನವಾಗಿರುವ ಸಂದರ್ಭದಲ್ಲಿ ಅನುಭವಿಗಳು ಮೊದಲು ಸೇರಿಸುವುದು ಅರ್ಲಿಕಾನ್ ಎಂಬ ಒಂದೇ ಪದವನ್ನು. ಪೂರ್ಣ ಚಾಲಕವು ಸಿದ್ಧವಾಗುವುದಕ್ಕೆ ಬಹಳ ಮುಂಚೆಯೇ, ಬೂಟ್‌ಲೋಡರು ಹೊಂದಿಸಿಟ್ಟ ಪೋರ್ಟಿಗೆ ನೇರವಾಗಿ ಅಕ್ಷರಗಳನ್ನು ಸುರಿಯುವ ಈ ಉಪಾಯದಿಂದ, ಕರ್ನೆಲ್ ನಿಜವಾಗಿ ಮಡಿದಿದೆಯೋ ಬರಿದೆ ಮೂಕವಾಗಿದೆಯೋ ಎಂಬ ಸಂಶಯ ತೀರುತ್ತದೆ. ತಾತ್ಕಾಲಿಕ ಕನ್ಸೋಲನ್ನು ನಿಲ್ಲಿಸಲಾಯಿತೆಂಬ ಸಾಲು ಬಂದು, ಆಮೇಲೆ ಏನೂ ಬಾರದಿದ್ದರೆ, ನಿಜವಾದ ಕನ್ಸೋಲಿನ ಹೆಸರು ತಪ್ಪಾಗಿದೆಯೆಂದೋ, ಕೆಲಸವನ್ನು ಇನ್ನಾವುದೋ ಪರದೆ ವಹಿಸಿಕೊಂಡಿದೆಯೆಂದೋ ತಿಳಿಯಬಹುದು. ಸೀರಿಯಲ್ ಚಾಲಕವನ್ನು ಕರ್ನೆಲಿನೊಳಗೇ ಕಟ್ಟದೆ ಪ್ರತ್ಯೇಕ ಮಾಡ್ಯೂಲಾಗಿ ಇಟ್ಟಿದ್ದರೂ ಬೂಟ್ ಸಮಯದ ಕನ್ಸೋಲು ದೊರೆಯದು. ಸಮಾಧಾನದ ಸಂಗತಿಯೆಂದರೆ, ಕೇಳುವವರಿಲ್ಲದ ವೇಳೆಯಲ್ಲಿ ಆಡಿದ ಮಾತುಗಳನ್ನೂ ಕರ್ನೆಲ್ ಸ್ಮೃತಿಯಲ್ಲಿ ಕೂಡಿಟ್ಟುಕೊಂಡಿದ್ದು, ಕನ್ಸೋಲ್ ದೊರೆತ ಕೂಡಲೇ ಮೊದಲಿನಿಂದ ಒಪ್ಪಿಸುತ್ತದೆ.

ಕರ್ನೆಲಿನ ಸಂದೇಶಗಳೆಲ್ಲವೂ ಬಂದು ಲಾಗಿನ್ ಮಾತ್ರ ಬಾರದಿದ್ದರೆ ಗೆಟ್ಟಿಯನ್ನು ವಿಚಾರಿಸಬೇಕು. ಆದೇಶದ ಸಾಲಿನಲ್ಲಿ ಕನ್ಸೋಲ್= ಎಂಬುದು ಹಲವು ಸಲ ಬಂದಿದ್ದರೆ ಸಂದೇಶಗಳು ಎಲ್ಲ ಕಡೆಗೂ ಹೋಗುತ್ತವೆ; ಮುಖ್ಯ ಕನ್ಸೋಲೆಂಬ ಪದವಿ ಕೊನೆಯದಕ್ಕೆ ಮಾತ್ರ. ಈ ಕ್ರಮವನ್ನು ಅರಿಯದೆ ವಾರಗಟ್ಟಲೆ ತೊಳಲುವವರುಂಟು. ವಿಪರೀತವಾದ ಇನ್ನೊಂದು ಸಂದರ್ಭವೂ ಉಂಟು: ಯಾವ ತಂತಿಗೂ ಸೇರದೆ ತೇಲಾಡುವ ಸ್ವೀಕಾರದ ಪಿನ್ನು ಸುತ್ತಲಿನ ವಿದ್ಯುತ್ ಗದ್ದಲವನ್ನೇ ಕೀಲಿಯೊತ್ತಿದ ಸಂಕೇತವೆಂದು ಯು-ಬೂಟಿಗೆ ಒಪ್ಪಿಸುವುದರಿಂದ, ಕನ್ಸೋಲ್ ಜೋಡಿಸಿದಾಗ ಸರಿಯಾಗಿ ಬೂಟ್ ಆಗುವ ಬೋರ್ಡು ತಂತಿಯನ್ನು ಕಿತ್ತೊಡನೆ ಅರ್ಧದಲ್ಲಿಯೇ ನಿಂತುಬಿಡುತ್ತದೆ.

ಬೋರ್ಡು ನಿರ್ಮಿಸುವವರಲ್ಲಿ ಒಂದು ವಿಜ್ಞಾಪನೆ: ಸೀರಿಯಲ್ ಪಿನ್ನುಗಳ ಪಕ್ಕದಲ್ಲಿ ಅವುಗಳ ಹೆಸರಿನೊಡನೆ ವೋಲ್ಟೇಜನ್ನೂ ವೇಗವನ್ನೂ ಮುದ್ರಿಸಿರಿ; ಎರಡು ಅಂಕಿಗಳಿಗೆ ಬೇಕಾದಷ್ಟು ಜಾಗ ಎಂಥ ಕಿರಿದಾದ ಬೋರ್ಡಿನ ಮೇಲೂ ಇದ್ದೇ ಇದೆ.