ಗಗನಸಖಿಯರ ಉದ್ಯೋಗ ಮತ್ತು ಸಮಾನತೆ

ಹೊಸ ತಿಪ್ಪಸಂದ್ರದವರಿಗೆ ವಿಮಾನವೆಂಬುದು ಅಪರೂಪದ ನೋಟವಲ್ಲ. ೨೦೦೮ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣವು ತೆರೆಯುವವರೆಗೆ ಬೆಂಗಳೂರಿನ ಪ್ರಯಾಣಿಕ ವಿಮಾನಗಳು ಸಮೀಪದ ಎಚ್.ಎ.ಎಲ್. ನಿಲ್ದಾಣದಲ್ಲಿಯೇ ಇಳಿಯುತ್ತಿದ್ದವು. ವಿಮಾನದಲ್ಲಿ ಪ್ರಯಾಣಿಕರನ್ನು ನಗುಮೊಗದಿಂದ ಬರಮಾಡಿಕೊಳ್ಳುವ ಗಗನಸಖಿಯನ್ನು ನೀವು ಕಂಡಿರಬಹುದು. ಆಕೆಯ ಉದ್ಯೋಗಕ್ಕೆ ಒಂದು ಕಾಲದಲ್ಲಿ ಎಂತಹ ಕಟ್ಟಳೆಗಳಿದ್ದವು, ಬಲ್ಲಿರಾ?

ಏರ್ ಇಂಡಿಯಾದ ಅಂದಿನ ಸೇವಾ ನಿಯಮದಂತೆ ಗಗನಸಖಿಯು ೩೫ನೆಯ ವಯಸ್ಸಿಗೆ ನಿವೃತ್ತಳಾಗಬೇಕು. ಸೇರಿದ ೪ ವರ್ಷಗಳೊಳಗೆ ಮದುವೆಯಾದರೆ ಅಂದಿಗೇ ಕೆಲಸ ಮುಗಿಯಿತು. ಮೊದಲ ಸಲ ಗರ್ಭಿಣಿಯಾದರೂ ಅಷ್ಟೆ. ಅದೇ ವಿಮಾನದಲ್ಲಿ ಅದೇ ಪ್ರಯಾಣಿಕರನ್ನು ಉಪಚರಿಸುತ್ತಿದ್ದ ಪುರುಷ ಪರ್ಸರನಾದರೋ ೫೮ರವರೆಗೆ ದುಡಿಯಬಹುದಾಗಿತ್ತು. ನರ್ಗೇಶ್ ಮಿರ್ಜಾ ಮೊದಲಾದ ಗಗನಸಖಿಯರು ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು.

೧೯೮೧ರ ಆಗಸ್ಟ್ ೨೮ರಂದು ಸರ್ವೋಚ್ಚ ನ್ಯಾಯಾಲಯವು ಗರ್ಭಧಾರಣೆಯ ನಿಯಮವನ್ನು ರದ್ದುಗೊಳಿಸಿತು. ೩೫ರ ಬಳಿಕ ಸೇವೆ ಮುಂದುವರಿಸುವುದನ್ನು ಆಡಳಿತ ನಿರ್ದೇಶಕರ ಇಚ್ಛೆಗೆ ಬಿಟ್ಟಿದ್ದೂ ಸರಿಯಲ್ಲವೆಂದಿತು. ಮದುವೆಯ ನಿಯಮ ಮಾತ್ರ ಉಳಿಯಿತು. ಗಗನಸಖಿಯರದೂ ಪರ್ಸರರದೂ ಬೇರೆ ಬೇರೆ ವೃಂದಗಳು. ನೇಮಕ, ಬಡ್ತಿಗಳೂ ಬೇರೆ. ಆದುದರಿಂದ ಇವರನ್ನು ಅವರೊಡನೆ ಹೋಲಿಸಲಾಗದು ಎಂಬುದು ತೀರ್ಪಿನ ಇನ್ನೊಂದು ಮಾತು.

ವಿಷಯದ ಮರ್ಮವಿರುವುದು ಇಲ್ಲಿಯೇ. ಹೆಣ್ಣಿಗೊಂದು ಕೆಲಸ, ಗಂಡಿಗೊಂದು ಕೆಲಸ ಎಂದು ಮೊದಲೇ ವಿಂಗಡಿಸಿ ಬೇರೆ ಹೆಸರಿಟ್ಟರೆ, ಮುಂದಿನ ತಾರತಮ್ಯವು ತಾರತಮ್ಯವೆಂದೇ ತೋರುವುದಿಲ್ಲ. “ಹೆಣ್ಣೆಂದು ಕಡಿಮೆ ಮಾಡಿಲ್ಲ, ಹುದ್ದೆಯೇ ಬೇರೆ” ಎಂದುಬಿಡಬಹುದು.

ಈ ಗೋಡೆ ಸಡಿಲಲು ಬಹುಕಾಲ ಹಿಡಿಯಿತು. ವಿಮಾನದೊಳಗಿನ ಮೇಲ್ವಿಚಾರಕರ ಹುದ್ದೆಯು ಏರ್ ಇಂಡಿಯಾದಲ್ಲಿ ಗಂಡಸರಿಗೇ ಮೀಸಲಾಗಿತ್ತು. ೨೦೦೫ರಲ್ಲಿ ಸಂಸ್ಥೆಯು ಅದನ್ನು ಸ್ತ್ರೀಯರಿಗೂ ತೆರೆಯಿತು. ಪುರುಷ ಸಿಬ್ಬಂದಿಯಲ್ಲಿ ಕೆಲವರು ಇದನ್ನು ವಿರೋಧಿಸಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. ೨೦೧೧ರಲ್ಲಿ ಅವರ ವಾದವು ಬಿದ್ದುಹೋಯಿತು.

ಪ್ರವಾಸಿಗರನ್ನು ನಂಬಿದ ಇತರ ಉದ್ಯೋಗಗಳಲ್ಲಿಯೂ ಇಂತಹ ವಿಂಗಡಣೆ ಉಂಟು. ಹೋಟೆಲುಗಳಲ್ಲಿ ಸ್ವಾಗತದ ಮೇಜು, ಕೊಠಡಿಗಳ ಚೊಕ್ಕಟ ಹೆಚ್ಚಾಗಿ ಹೆಂಗಸರ ಪಾಲು. ಪ್ರವಾಸಿ ಕಾರಿನ ಚಾಲನೆ, ಆಡಳಿತದ ಮೇಲಿನ ಕುರ್ಚಿ ಗಂಡಸರ ಪಾಲು. ಮನೆಯಲ್ಲಿ ಅಡಿಗೆ ಹೆಣ್ಣಿನ ಕೆಲಸವಂತೆ. ಸಂಬಳ ಸಿಗುವ ಹೋಟೆಲಿನಲ್ಲಿ ಮಾತ್ರ ಅದು ಭಟ್ಟರದು!

ನಿಮ್ಮ ಮನೆಯ ಹೆಣ್ಣುಮಗಳು ಇಂತಹ ಉದ್ಯೋಗಕ್ಕೆ ಹೊರಟಾಗ ಮೊದಲ ತಿಂಗಳ ಸಂಬಳವನ್ನಷ್ಟೇ ವಿಚಾರಿಸಬೇಡಿ. ಆ ಹುದ್ದೆಯಿಂದ ಮೇಲಕ್ಕೆ ಯಾವ ದಾರಿ ಉಂಟು, ಅದೇ ದಿನ ಸೇರಿದ ಹುಡುಗನಿಗೂ ಅದೇ ದಾರಿಯೇ ಎಂಬುದನ್ನೂ ಕೇಳಿ ತಿಳಿಯಿರಿ.