ಮನಸ್ಸು ಅಲೆದರೆ ಅಲೆಯಲಿ

ಧ್ಯಾನಕ್ಕೆ ಕೂತ ಎರಡೇ ನಿಮಿಷಕ್ಕೆ ಮನಸ್ಸು ಕರೆಂಟ್ ಬಿಲ್ಲಿನತ್ತಲೋ ನಿನ್ನೆಯ ಜಗಳದತ್ತಲೋ ಓಡುತ್ತದೆ. ‘ಇದು ನನ್ನಿಂದಾಗದು’ ಎಂದು ಹಲವರು ಎದ್ದುಬಿಡುವುದು ಅಲ್ಲೇ. ಮೈಂಡ್‌ಫುಲ್‌ನೆಸ್ ಎಂಬ, ಈ ಕ್ಷಣದತ್ತ ಗಮನವಿಡುವ ಅಭ್ಯಾಸ ಶುರುವಾಗುವುದೂ ಅಲ್ಲಿಂದಲೇ.

ಮನಸ್ಸು ಅಲೆಯುವುದು ಯಾರೊಬ್ಬರ ದೌರ್ಬಲ್ಯವೂ ಅಲ್ಲ. ಹಾರ್ವರ್ಡ್‌ನ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2,250 ಮಂದಿಯನ್ನು ಐಫೋನ್ ಆ್ಯಪ್ ಮೂಲಕ ಆಗಾಗ ‘ಈಗೇನು ಮಾಡುತ್ತಿದ್ದೀರಿ, ಯೋಚನೆ ಎಲ್ಲಿದೆ’ ಎಂದು ಕೇಳಿ, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇ. 47ರಷ್ಟು ಸಲ ಮನಸ್ಸು ಮಾಡುತ್ತಿದ್ದ ಕೆಲಸ ಬಿಟ್ಟು ಬೇರೆಲ್ಲೋ ಇತ್ತು. ಹಾಗೆ ಅಲೆಯುವಾಗ ಜನರ ಖುಷಿಯೂ ಕಡಿಮೆಯಿತ್ತು. ನಾವು ಸುಮ್ಮನಿದ್ದಾಗ ಚುರುಕಾಗುವ ಮಿದುಳಿನ ಭಾಗಗಳಿಗೆ ‘ಡಿಫಾಲ್ಟ್ ಮೋಡ್ ನೆಟ್‌ವರ್ಕ್’ ಎನ್ನುತ್ತಾರೆ. ಮನಸ್ಸಿನ ಅಲೆದಾಟಕ್ಕೂ ಈ ಜಾಲಕ್ಕೂ ನಂಟಿದೆ. ಬಹುಕಾಲ ಧ್ಯಾನ ಮಾಡಿದವರಲ್ಲಿ, ಧ್ಯಾನದ ಹೊತ್ತಿಗೆ ಇದರ ಮುಖ್ಯ ಭಾಗಗಳು ತಣ್ಣಗಿದ್ದುದನ್ನು 2011ರ ಅಧ್ಯಯನವೊಂದು ಗುರುತಿಸಿತು.

ಬೌದ್ಧ ಧ್ಯಾನದಿಂದ ಬಂದ ಮೈಂಡ್‌ಫುಲ್‌ನೆಸ್ ಪದ್ಧತಿಯನ್ನು ಆಸ್ಪತ್ರೆಗೆ ತಂದವರಲ್ಲಿ ಪ್ರಮುಖರು ಅಮೆರಿಕದ ಜಾನ್ ಕಬಟ್-ಜಿನ್. ಆಣ್ವಿಕ ಜೀವವಿಜ್ಞಾನ ಓದಿದ್ದ ಅವರು 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ವಾಸಿಯಾಗದ ನೋವಿನಿಂದ ಬಳಲುವವರಿಗೆ ತರಬೇತಿ ಆರಂಭಿಸಿದರು. ಅದೇ ಮುಂದೆ ಎಂಟು ವಾರಗಳ ಕಾರ್ಯಕ್ರಮವಾಗಿ ಹೆಸರಾಯಿತು. ಅದರ ಮೊದಲ ಪಾಠ ಒಂದೇ ಒಂದು ಒಣದ್ರಾಕ್ಷಿ: ಅದರ ಸುಕ್ಕು ನೋಡಿ, ಮೂಸಿ, ನಾಲಿಗೆಯ ಮೇಲಿಟ್ಟು, ನಿಧಾನವಾಗಿ ಜಗಿಯಬೇಕು.

ಮನೆಯಲ್ಲಿ ಶುರುಮಾಡಲು ಐದು ನಿಮಿಷ ಸಾಕು. ಪದ್ಮಾಸನವೇ ಬೇಕೆಂದಿಲ್ಲ, ಕುರ್ಚಿಯೂ ಆದೀತು. ಉಸಿರನ್ನು ಹಿಡಿಯುವುದು ಬೇಡ, ಎಳೆಯುವುದೂ ಬೇಡ. ಮೂಗಿನ ತುದಿಯಲ್ಲೋ ಹೊಟ್ಟೆಯ ಏರಿಳಿತದಲ್ಲೋ ಅದನ್ನು ಗಮನಿಸಿ. ಮನಸ್ಸು ಜಾರಿದ್ದು ತಿಳಿದೊಡನೆ ಬೈದುಕೊಳ್ಳದೆ ಉಸಿರಿನತ್ತ ಮರಳಿ. ಹತ್ತು ಸಲ ಜಾರಿದರೆ ಹತ್ತು ಸಲ ಮರಳುವುದೇ ಅಭ್ಯಾಸ. ಯೋಚನೆಗಳನ್ನು ಅಳಿಸಿಹಾಕುವ ಹಟ ಬೇಕಿಲ್ಲ.

ಇದರಿಂದ ಲಾಭವೆಷ್ಟು? 47 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ 2014ರ ವಿಶ್ಲೇಷಣೆಯ ಪ್ರಕಾರ ಆತಂಕ, ಖಿನ್ನತೆ, ನೋವು ತುಸು ತಗ್ಗುತ್ತವೆ. ಆದರೆ ವ್ಯಾಯಾಮಕ್ಕಿಂತ, ಔಷಧಿಗಿಂತ ಇದು ಮೇಲು ಎನ್ನಲು ಆಧಾರ ಸಿಗಲಿಲ್ಲ. ಕೆಲವರಿಗೆ ಕಣ್ಣು ಮುಚ್ಚಿ ಕೂತಾಗ ಹಳೆಯ ಆಘಾತದ ನೆನಪು ಉಕ್ಕಿ ತಳಮಳ ಹೆಚ್ಚುವುದೂ ಉಂಟು. ಅಂಥವರು ಕಣ್ಣು ತೆರೆದು, ಪಾದ ನೆಲಕ್ಕೆ ತಾಗುವುದನ್ನು ಗಮನಿಸುತ್ತ ನಡೆಯಬಹುದು. ತಳಮಳ ತಗ್ಗದಿದ್ದರೆ ಅಭ್ಯಾಸ ನಿಲ್ಲಿಸಿ ಮನೋವೈದ್ಯರನ್ನು ಕಾಣಬೇಕು. ಮಾತ್ರೆ ಸೇವಿಸುತ್ತಿರುವವರು ಧ್ಯಾನವನ್ನು ನಂಬಿ ತಾವಾಗಿಯೇ ಮಾತ್ರೆ ಬಿಡಬಾರದು.