ಹೊಸ ಹವಳ ಮನೆಗೆ ಬಂದಾಗ

ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ, ಬಣ್ಣದ ಮೀನುಗಳ ಜೊತೆ ಜೀವಂತ ಹವಳಗಳನ್ನೂ ಸಾಕುವ ಹವ್ಯಾಸ ಅಮೆರಿಕ, ಯುರೋಪ್ ಮತ್ತು ಕೊಲ್ಲಿ ರಾಷ್ಟ್ರಗಳ ಅನೇಕ ಮನೆಗಳಲ್ಲಿದೆ. ನೋಡುವವರಿಗೆ ಕಲ್ಲಿನ ಗಿಡದಂತೆ ಕಂಡರೂ ಹವಳ ಒಂದು ಪ್ರಾಣಿ. ಅದಕ್ಕೂ ಹಸಿವಿದೆ, ರೋಗವಿದೆ, ಶತ್ರುಗಳಿದ್ದಾರೆ. ಅಂಗಡಿಯಿಂದ ತಂದ ಒಂದು ಸಣ್ಣ ತುಂಡಿನ ಜೊತೆ ಬಂದ ಕೀಟ, ವರ್ಷಗಟ್ಟಲೆ ಬೆಳೆಸಿದ ತೊಟ್ಟಿಯನ್ನೇ ಹಾಳುಮಾಡಬಲ್ಲದು.

ಈ ಶತ್ರುಗಳು ಯಾರು? ಅಕ್ರೊಪೊರಾ ಎಂಬ ಕವಲು ಹವಳವನ್ನು ತಿನ್ನುವ ಚಪ್ಪಟೆ ಹುಳು ಹವಳದ ಬಣ್ಣಕ್ಕೇ ಹೊಂದಿಕೊಂಡಿರುತ್ತದೆ. ಅದು ತಿಂದ ಜಾಗದಲ್ಲಿ ಬಿಳಚಿದ ದುಂಡು ಕಲೆಗಳು ಕಾಣುತ್ತವೆ. ಮೊಂಟಿಪೊರಾ ಹವಳವನ್ನು ಕಾಡುವುದು ಅಕ್ಕಿಕಾಳಿಗಿಂತಲೂ ಚಿಕ್ಕದಾದ, ಚಿಪ್ಪಿಲ್ಲದ ಬಿಳಿ ಬಸವನಹುಳು. ಇದು ಹವಳದ ಅಡಿಭಾಗದಲ್ಲಿ ಅಡಗಿರುತ್ತದೆ. ಐಪ್ಟೇಸಿಯಾ ಎಂಬ ಕಂದು ಬಣ್ಣದ ಕಡಲ ಹೂವು ಪಕ್ಕದ ಹವಳಗಳನ್ನು ಕುಟುಕುತ್ತದೆ.

ಆದ್ದರಿಂದ ಹೊಸ ಹವಳವನ್ನು ನೇರವಾಗಿ ದೊಡ್ಡ ತೊಟ್ಟಿಗೆ ಹಾಕಬಾರದು. ಮರಳಿಲ್ಲದ ಚಿಕ್ಕ ತೊಟ್ಟಿಯೊಂದನ್ನು ಬೇರೆಯಾಗಿಡಬೇಕು. ಅದರ ಬಲೆ, ಇಕ್ಕಳ, ಬಕೆಟ್ಟು ಎಲ್ಲವೂ ಪ್ರತ್ಯೇಕವಾಗಿರಲಿ. ಮೊದಲು ಉಪ್ಪುನೀರಿಗೆ ಹವಳದ ಔಷಧಿಯನ್ನು ಅದರ ಮೇಲೆ ಬರೆದ ಪ್ರಮಾಣದಲ್ಲಿ ಬೆರೆಸಿ, ಹೇಳಿದಷ್ಟು ನಿಮಿಷ ಹವಳವನ್ನು ಅದ್ದಿಡಬೇಕು. ಆಗ ಪಿಚಕಾರಿಯಿಂದ ನೀರು ಚಿಮ್ಮಿಸಿದರೆ ಹುಳುಗಳು ಕಳಚಿ ಬೀಳುತ್ತವೆ. ನಂತರ ಬೇರೆ ಉಪ್ಪುನೀರಿನಲ್ಲಿ ತೊಳೆಯಬೇಕು. ಅದ್ದಿದ ನೀರನ್ನು ಮತ್ತೆ ತೊಟ್ಟಿಗೆ ಸುರಿಯಬಾರದು.

ಇಲ್ಲಿಗೆ ಕೆಲಸ ಮುಗಿಯಲಿಲ್ಲ. ಔಷಧಿಯಿಂದ ಹುಳು ಸತ್ತರೂ ಮೊಟ್ಟೆ ಉಳಿಯುತ್ತದೆ. ಹೇನು ತೆಗೆದ ಮೇಲೂ ಸೀರು ಉಳಿದಂತೆ! ಆದ್ದರಿಂದ ಹವಳ ಅಂಟಿಸಿರುವ ಬುಡವನ್ನು ಕತ್ತರಿಸಿ ಎಸೆದು, ಹೊಸ ಬುಡಕ್ಕೆ ಅಂಟಿಸುವುದು ಲೇಸು. ವಾರಕ್ಕೊಮ್ಮೆ ಅದ್ದುವುದನ್ನು ಮುಂದುವರಿಸಿ, ಕನಿಷ್ಠ ಆರು ವಾರ ಕಾಯಬೇಕು. ರಾತ್ರಿ ಟಾರ್ಚ್ ಮತ್ತು ಭೂತಗನ್ನಡಿ ಹಿಡಿದು ನೋಡಿದರೆ ಹಗಲು ಕಾಣದ್ದು ಕಾಣುತ್ತದೆ. ಐಪ್ಟೇಸಿಯಾವನ್ನು ಮಾತ್ರ ಜಜ್ಜಬೇಡಿ. ಚೂರು ಚೂರಿನಿಂದಲೂ ಅದು ಮತ್ತೆ ಬೆಳೆಯುತ್ತದೆ. ಸುಣ್ಣದ ಗಟ್ಟಿ ಲೇಪವನ್ನು ಸಿರಿಂಜಿನಿಂದ ಅದರ ಬಾಯಿಗೆ ಬಿಡುವುದು ರೂಢಿಯಲ್ಲಿರುವ ಉಪಾಯ.

ಹವಳಕ್ಕಿಂತ ಮನೆಮಂದಿಯ ಜೀವ ದೊಡ್ಡದು. ಜೊವಾಂತಿಡ್ ಎಂಬ ಗುಂಡಿಯಾಕಾರದ ಜೀವಿಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಕೀಟ ಹೋಗಲೆಂದು ಅಂಥ ಕಲ್ಲನ್ನು ಕುದಿಸಿದರೆ, ಬಿಸಿನೀರು ಸುರಿದು ಉಜ್ಜಿದರೆ ವಿಷ ಹಬೆಯೊಡನೆ ಗಾಳಿಗೆ ಸೇರುತ್ತದೆ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ ತೊಟ್ಟಿ ಶುಚಿಗೊಳಿಸುವಾಗ ವಿಷವೇರಿ ಒಂದು ಕುಟುಂಬವೇ ಆಸ್ಪತ್ರೆ ಸೇರಿತ್ತು. ಕೈಗವಸು, ಕನ್ನಡಕ ಧರಿಸದೆ ಹವಳ ಮುಟ್ಟಬೇಡಿ. ಅಡುಗೆಮನೆಯ ಪಾತ್ರೆ, ಸಿಂಕು ಬಳಸಬೇಡಿ. ಮಕ್ಕಳನ್ನು ದೂರವಿಡಿ. ಕೆಲಸದ ನಂತರ ಕೆಮ್ಮು, ಉಸಿರುಕಟ್ಟು, ಜ್ವರ, ಬಾಯಲ್ಲಿ ಲೋಹದ ರುಚಿ ಕಂಡರೆ ಎಲ್ಲರೂ ತಕ್ಷಣ ಹೊರಬಂದು ಆಸ್ಪತ್ರೆಗೆ ಹೋಗಿ. ಹವಳ ಮುಟ್ಟಿದ ವಿಷಯವನ್ನು ವೈದ್ಯರಿಗೆ ಹೇಳಲು ಮರೆಯಬೇಡಿ.

ಗಲ್ಫ್‌ನಲ್ಲಿರುವ ನಮ್ಮ ಸಹೋದರಿಯರು ಊರಿಗೆ ಬರುವಾಗ ಇನ್ನೊಂದು ಮಾತು ನೆನಪಿಡಲಿ. ಭಾರತದಲ್ಲಿ ಕಲ್ಲು ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಉಡುಗೊರೆಯೆಂದು ಹವಳದ ತುಂಡನ್ನು ಪೆಟ್ಟಿಗೆಯಲ್ಲಿಟ್ಟು ತರುವುದು ತೊಂದರೆಯನ್ನು ಕೈಯಾರೆ ತಂದುಕೊಂಡಂತೆ.